ಬದುಕಿರುವ ಡಿಸ್ಕಿಗೆ ಮರಣಪತ್ರ ಬರೆಯದ ಫಿಲ್ಮಕ್ಕ

ಬೆಳಗಿನ ಐದೂ ಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯ ಕಾರಿಡಾರಿನಲ್ಲಿ ಅರ್ಧ ದೀಪಗಳಷ್ಟೇ ಉರಿಯುತ್ತಿವೆ. ಬಟ್ಟೆ ಒಗೆಯುವ ಕೋಣೆಯ ದೊಡ್ಡ ಯಂತ್ರಗಳು ಆಗಲೇ ಸುತ್ತಲು ಹತ್ತಿವೆ, ಬಿಸಿ ಸೋಪಿನ ವಾಸನೆ ಬಾಗಿಲ ಸಂದಿಯಿಂದ ಹೊರಗೆ ಹರಿಯುತ್ತಿದೆ. ಅದರ ಎದುರಿನ ಬಾಗಿಲ ಮೇಲೆ ‘ಫಿಲ್ಮ್ ಭಂಡಾರ’ ಎಂಬ ಫಲಕ. ಎಕ್ಸ್‌ರೇ ಫಿಲ್ಮುಗಳು ಈ ಆಸ್ಪತ್ರೆ ಬಿಟ್ಟು ಹನ್ನೊಂದು ವರ್ಷವಾಯಿತು. ಫಲಕ ಕೀಳಲು ಯಾರಿಗೂ ಪುರುಸೊತ್ತಾಗಿಲ್ಲ. ಒಳಗೆ ಈಗ ಫಿಲ್ಮಿನ ಬದಲು ಆಳೆತ್ತರದ ಒಂದು ಕಬ್ಬಿಣದ ಕಪಾಟು, ಅದರ ಎದೆಯಲ್ಲಿ ಸಾಲಿಗೆ ಆರರಂತೆ ನಾಲ್ಕು ಸಾಲು ಡಿಸ್ಕುಗಳು, ಎರಡು ಫ್ಯಾನುಗಳ ಬೋರ್ಗರೆತ, ಮೈ ಕೊರೆಯುವ ಚಳಿ.

ಬೂದು ಸ್ವೆಟರಿನ ತೋಳು ಮೊಣಕೈವರೆಗೆ ಎಳೆದುಕೊಳ್ಳುತ್ತ ಒಳಗೆ ಬರುವ ಹೆಂಗಸಿಗೆ ನಲವತ್ತೇಳು ವರ್ಷ. ನೆಲ ಒರೆಸುವವರಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರಿಗೂ ಅವರು ಫಿಲ್ಮಕ್ಕ. ಬಂದವರೇ ಪರದೆಯ ಮುಂದೆ ಕೂತು ಒಂದು ಸಾಲು ಒತ್ತುತ್ತಾರೆ. ಲಿನಕ್ಸ್ ಯಂತ್ರ ಕ್ಷಣಕ್ಕೊಮ್ಮೆ ಇಪ್ಪತ್ನಾಲ್ಕು ಸಾಲು ಅಂಕಿ ಉಗುಳತೊಡಗುತ್ತದೆ, ಡಿಸ್ಕಿಗೊಂದು ಸಾಲು. ಅಷ್ಟು ಅಂಕಿಗಳಲ್ಲಿ ಅವರ ಕಣ್ಣಿಗೆ ಬೇಕಾದ್ದು ಮೂರೇ. ಪ್ರತಿ ಡಿಸ್ಕಿನ ಮುಂದೆ ಎಷ್ಟು ಆಜ್ಞೆಗಳು ಸರತಿ ನಿಂತಿವೆ, ಒಂದೊಂದಕ್ಕೆ ಉತ್ತರ ಸಿಗಲು ಎಷ್ಟು ಹೊತ್ತು ಹಿಡಿಯುತ್ತಿದೆ, ಕ್ಷಣಕ್ಕೆ ಎಷ್ಟು ಕೆಲಸ ಮುಗಿಯುತ್ತಿದೆ. ಉದ್ದನೆಯ ರೂಲು ಪುಸ್ತಕದಲ್ಲಿ ಇವತ್ತಿನ ತಾರೀಖಿನ ಎದುರು ಬರೆದುಕೊಳ್ಳುತ್ತಾರೆ: ಎರಡು, ಒಂಬತ್ತು ಮಿಲಿಸೆಕೆಂಡು, ಎಪ್ಪತ್ತು.

“ಡಾಕ್ಟರು ಬರೋದಕ್ಕೆ ಮುಂಚೆ ನರ್ಸು ಜ್ವರ ನೋಡಿ ಬರೆದಿಡ್ತಾಳಲ್ಲ, ಹಾಗೇ ಇದು” ಎನ್ನುತ್ತಾರೆ, ಪರದೆಯಿಂದ ಕಣ್ಣು ತೆಗೆಯದೆ. “ಗಟ್ಟಿಯಾಗಿದ್ದಾಗ ಎಷ್ಟಿತ್ತು ಅಂತ ಗೊತ್ತಿಲ್ದೆ ಹೋದ್ರೆ, ಕಾಯಿಲೆ ಬಿದ್ದಾಗ ಏನಂತ ಬಾಯಿ ಬಿಡೋದು?”

ಈ ಪುಸ್ತಕ ಬರೆಯಿರಿ ಎಂದು ಅವರಿಗೆ ಯಾರೂ ಹೇಳಿಲ್ಲ. ಬರೆಯುತ್ತಾರೆಂಬುದು ಕಳೆದ ವರ್ಷದವರೆಗೆ ಯಾರಿಗೂ ಗೊತ್ತೂ ಇರಲಿಲ್ಲ. ಇದು ಒಂಬತ್ತನೇ ಪುಸ್ತಕ.

ಹತ್ತನೇ ತರಗತಿ ಮುಗಿಸಿ, ಹತ್ತೊಂಬತ್ತಕ್ಕೆ ಈ ಕೋಣೆಗೆ ಬಂದವರು ಅವರು. ಆಗ ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಕಂದು ಲಕೋಟೆ, ಲಕೋಟೆಯೊಳಗೆ ಊರವರ ಮೂಳೆ ಪುಪ್ಪುಸಗಳ ನೆರಳು. ಬಾಗಿಲಿಗೊಂದು ಕಿಟಕಿ. ವಾರ್ಡಿನವರು ಚೀಟಿ ಒಳಗೆ ನೀಡುವುದು, ಇವರು ಏಣಿ ಹತ್ತಿ ಲಕೋಟೆ ಇಳಿಸುವುದು. ಫಿಲ್ಮು ನಿಂತು ಚಿತ್ರಗಳೆಲ್ಲ ಯಂತ್ರದೊಳಗೆ ಹೋದಾಗ ಇಲ್ಲಿದ್ದ ಆರು ಜನರಲ್ಲಿ ಐವರನ್ನು ಬೇರೆ ಬೇರೆ ಕಡೆ ಎತ್ತಿ ಹಾಕಿದರು. ಇವರನ್ನು ಮಾತ್ರ ಯಂತ್ರದ ಧೂಳು ಒರೆಸಲು ಉಳಿಸಿಕೊಂಡರು. ಆದೇಶದಲ್ಲಿ ಇರುವುದೇ ಹಾಗೆ: ‘ಸ್ವಚ್ಛತೆ ಹಾಗೂ ಮೇಲುಸ್ತುವಾರಿ’. ಸ್ವಚ್ಛತೆ ಬಟ್ಟೆಯಿಂದ ನಡೆಯಿತು. ಮೇಲುಸ್ತುವಾರಿ ಅಂದರೇನು ಎಂದು ಕೇಳಿದರೆ ಹೇಳುವವರಿರಲಿಲ್ಲ. ಅದಕ್ಕೇ ತಾವೇ ಕಲಿತರು. ಸ್ಕ್ಯಾನ್ ಕೋಣೆಯ ಮೇಷ್ಟ್ರು ಎಂದು ಎಲ್ಲರೂ ಕರೆಯುವ ಹಳೆಯ ತಂತ್ರಜ್ಞರೊಬ್ಬರು ಬೆನ್ನು ಹರಿದ ಒಂದು ಲಿನಕ್ಸ್ ಪುಸ್ತಕ ಕೊಟ್ಟರು. ಊಟದ ಬಿಡುವಿನಲ್ಲಿ ದಿನಕ್ಕೊಂದು ಆಜ್ಞೆ. ಮೂರು ವರ್ಷಕ್ಕೆ ಪುಸ್ತಕ ಮುಗಿಯಿತು, ಮತ್ತೆ ಮೊದಲಿನಿಂದ ಶುರು.

ಮನೆಯಲ್ಲಿ ಇದಕ್ಕೆ ಮರ್ಯಾದೆ ಸಿಕ್ಕಿತೆಂದು ಯಾರೂ ತಿಳಿಯಬೇಕಿಲ್ಲ. ಎಂಬತ್ತರ ಅತ್ತೆ ಇವತ್ತಿಗೂ ಅಕ್ಕಪಕ್ಕದವರಿಗೆ ಸೊಸೆ ಟೀವಿ ಒರೆಸುವ ಕೆಲಸಕ್ಕೆ ಹೋಗುತ್ತಾಳೆ ಎಂದೇ ಹೇಳುವುದು. ಗಂಡ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಬಾವಿಯಂಥ ಗುಂಡಿಯಲ್ಲಿ ಗ್ರೀಸು ಬಳಿದುಕೊಂಡು ಬರುವ ಅವರಿಗೆ, ಹೆಂಡತಿ ಬೇಸಿಗೆಯಲ್ಲೂ ಸ್ವೆಟರು ಹಿಡಿದು ಹೊರಡುವುದು ದೊಡ್ಡ ತಮಾಷೆ. ನಾನು ಬೇಯ್ತೀನಿ, ನೀನು ಫ್ರಿಜ್ಜಲ್ಲಿ ಕೂತು ಬರ್ತೀಯ, ಆಯಸ್ಸು ನಿನ್ನದೇ ಜಾಸ್ತಿ ಬಿಡು ಎಂದು ಛೇಡಿಸುತ್ತಾರೆ.

ದಿನಕ್ಕೆ ನಾನೂರರ ಮೇಲೆ ಸ್ಕ್ಯಾನು, ಹನ್ನೊಂದು ವರ್ಷದ ಚಿತ್ರಗಳು, ಎಲ್ಲ ಈ ಒಂದು ಕಪಾಟಿನ ಹೊಟ್ಟೆಯಲ್ಲಿ. ಮೊದಲು ಎಂಟೇ ಡಿಸ್ಕು ಸಾಕಾಗಿತ್ತು. ಕಳೆದ ವರ್ಷ ಹದಿನಾರು ಹೊಸದು ಸೇರಿಸಿ ಇಪ್ಪತ್ನಾಲ್ಕು ಮಾಡಿದರು. ಮೇಲೆ ಎಲ್ಲರೂ ಕೈ ಕುಲುಕಿದರು. ಆ ತಿಂಗಳಿನಿಂದಲೇ ಗ್ರಹಚಾರ ಹಿಡಿಯಿತು.

ಬೆಳಗ್ಗೆ ಎಂಟೂ ನಲವತ್ತು ಆಯಿತೆಂದರೆ ಮೇಲಿನ ಪರದೆಗಳೆಲ್ಲ ಕಲ್ಲಾಗುತ್ತಿದ್ದವು. ಆ ಹೊತ್ತಿಗೆ ಡಾಕ್ಟರುಗಳೆಲ್ಲ ಒಟ್ಟಿಗೆ ವಾರ್ಡು ಸುತ್ತಲು ಹೊರಡುತ್ತಾರೆ, ಒಟ್ಟಿಗೆ ಚಿತ್ರ ಕೇಳುತ್ತಾರೆ, ಹಿಂದಿನ ದಿನದ ಚಿತ್ರಗಳ ಎರಡನೇ ಪ್ರತಿ ತೆಗೆಯುವ ಕೆಲಸವೂ ಇನ್ನೂ ಮುಗಿದಿರುವುದಿಲ್ಲ. ಕೈಗವಸು ಹಾಕಿ ನಿಂತ ಶಸ್ತ್ರಚಿಕಿತ್ಸೆಯ ಡಾಕ್ಟರು, ಮೇಜಿನ ಮೇಲೆ ಮತ್ತಿನಲ್ಲಿರುವ ರೋಗಿ, ಗೋಡೆಯ ಪರದೆಯಲ್ಲಿ ಮಾತ್ರ ಸುಮ್ಮನೆ ತಿರುಗುವ ಒಂದು ಚಕ್ರ. ಕೆಳಗೆ ಯಂತ್ರದ ದಿನಚರಿಯಲ್ಲಿ ಒಂದು ಸಾಲು: ಹದಿನೇಳನೇ ಡಿಸ್ಕು ಮೂವತ್ತು ಸೆಕೆಂಡಿನಿಂದ ಉತ್ತರಿಸುತ್ತಿಲ್ಲ. ಯಂತ್ರ ಆ ಡಿಸ್ಕನ್ನು ಒಮ್ಮೆ ತಟ್ಟಿ ಎಬ್ಬಿಸುತ್ತದೆ, ಮತ್ತೆ ಕಾಯುತ್ತದೆ, ಕೊನೆಗೆ ಬಳಗದಿಂದ ಹೊರಗೆ ಹಾಕುತ್ತದೆ.

ಯಂತ್ರ ಕೊಟ್ಟ ಕಂಪನಿಯಿಂದ ಒಬ್ಬ ಎಂಜಿನಿಯರ್ ಬರುತ್ತಿದ್ದರು. ಕೊರೆಯುವ ಚಳಿಯಲ್ಲೂ ಟೈ ಬಿಚ್ಚದ ಇವರಿಗೆ ನೆಲಮಾಳಿಗೆಯವರು ಇಟ್ಟ ಹೆಸರು ಟೈ ಸಾಹೇಬರು. ದಿನಚರಿಯ ಸಾಲು ಓದುವುದು, ಡಿಸ್ಕು ಎಳೆಯುವುದು, ಹೊಸದು ತುರುಕುವುದು, ಹೋಗುವುದು. ಎಳೆದ ಡಿಸ್ಕಿಗೊಂದು ಕಾಗದವಿದೆ. ‘ನಿಷ್ಕ್ರಿಯ ಘಟಕ ವಿಲೇವಾರಿ ನಮೂನೆ’ ಎಂದು ಮೇಲೆ ಅಚ್ಚಾಗಿದ್ದರೂ ಎಲ್ಲರ ಬಾಯಲ್ಲಿ ಅದು ಮರಣಪತ್ರ. ತೆಗೆದವರ ಸಹಿಯೊಂದು, ಕೋಣೆಯವರ ಸಹಿಯೊಂದು. ಎರಡೂ ಬಿದ್ದರೆ ಡಿಸ್ಕನ್ನು ವರ್ಕ್‌ಶಾಪಿಗೆ ಒಯ್ದು ಡ್ರಿಲ್ಲಿನಿಂದ ಮೂರು ತೂತು ಕೊರೆಯುತ್ತಾರೆ. ರೋಗಿಗಳ ಗುಟ್ಟು ಹೊರಗೆ ಹೋಗಬಾರದಲ್ಲ, ಅದಕ್ಕೆ. ನಾಲ್ಕು ತಿಂಗಳಲ್ಲಿ ಐದು ಡಿಸ್ಕು, ಐದು ಮರಣಪತ್ರ, ಐದರ ಮೇಲೂ ಫಿಲ್ಮಕ್ಕನ ದುಂಡು ಅಕ್ಷರದ ಸಹಿ.

ಆರನೆಯದರ ದಿನ ಡ್ರಿಲ್ಲಿನ ಮೊಳೆ ಮುರಿಯಿತು. ಹೊಸದು ಬರಲು ಎರಡು ದಿನ. ಡಿಸ್ಕು ಇವರ ಮೇಜಿನ ಮೇಲೆ ಉಳಿಯಿತು. ಸುಮ್ಮನಿರಲಾಗದ ಫಿಲ್ಮಕ್ಕ ಅದನ್ನು ಮೂಲೆಯ ಹಳೇ ಕಂಪ್ಯೂಟರಿಗೆ ಸಿಕ್ಕಿಸಿ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿಸಿದರು. ಒಂಬತ್ತು ಗಂಟೆ ಹಿಡಿಯಿತು. ಒಂದು ಕಲೆ ಇಲ್ಲ, ಒಂದು ತೊದಲಿಲ್ಲ. ಡಿಸ್ಕು ಗುಂಡುಕಲ್ಲಿನ ಹಾಗಿತ್ತು.

ಆ ಸಂಜೆ ಮನೆಗೆ ಬಂದವರು ತಟ್ಟೆಯ ಮುಂದೆ ಕೂತು ಕೈ ತೊಳೆದು ಎದ್ದುಬಿಟ್ಟರಂತೆ. ಗಂಡ ಇವತ್ತಿಗೂ ಅದನ್ನು ಹೇಳುತ್ತಾರೆ: ಯಾರು ಹೋದರು ಎಂದು ಅವರು ಕೇಳಿದರಂತೆ. ಇವರು, ಯಾರೂ ಹೋಗಿಲ್ಲ, ಐದು ಜನ ಬದುಕಿದ್ದರು ಎಂದರಂತೆ. ಅರ್ಥವಾಗಲು ಅವರಿಗೆ ಮಾರನೇ ದಿನ ಬೇಕಾಯಿತು.

“ನೋಡದೆ ಸಹಿ ಹಾಕಿದ್ದೆ” ಎನ್ನುತ್ತಾರೆ ಫಿಲ್ಮಕ್ಕ. ದನಿ ತಗ್ಗುವುದಿಲ್ಲ. “ಟೈ ಕಟ್ಟಿದೋರು ಸತ್ತಿದೆ ಅಂದ್ರು, ನಾನೂ ಸತ್ತಿದೆ ಅಂದೆ. ಎತ್ತು ಈದಿದೆ ಅಂದ್ರೆ ಕರು ಕಟ್ಟೋಕೆ ಹಗ್ಗ ತಂದಳು ಅಂತಾರಲ್ಲ, ಅವಳು ನಾನೇ.”

ಆರನೆಯದಕ್ಕೆ ಅವರು ಸಹಿ ಹಾಕಲಿಲ್ಲ. ಇಲಾಖೆಯ ಮುಖ್ಯಸ್ಥರು ಕರೆಸಿ ಕೇಳಿದಾಗ, ಡಿಸ್ಕು ಸತ್ತಿಲ್ಲ, ಕಾರಣ ಹುಡುಕಲು ಒಂದು ವಾರ ಕೊಡಿ ಎಂದರು. ಮುಖ್ಯಸ್ಥರು ವಾರ ಕೊಡಲಿಲ್ಲ, ಆದರೆ ನಕ್ಕರು. ಎರಡು ಗೋಡೆ ತುಂಬ ಸರ್ಟಿಫಿಕೇಟು ತೂಗುಹಾಕಿಕೊಂಡವರ ನಗು ಹೇಗಿರುತ್ತದೆ ಎಂಬುದು, ಓದು ಅರ್ಧಕ್ಕೆ ಬಿಟ್ಟು ದುಡಿಯಲು ಇಳಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಬಾಯಿ ಅಗಲವಾಗುತ್ತದೆ, ಕಣ್ಣು ಬಾಗಿಲು ತೋರಿಸುತ್ತದೆ. ಯಂತ್ರ ಕಂಪನಿಯ ಒಪ್ಪಂದದಲ್ಲಿದೆ, ನೀವು ಮುಟ್ಟಕೂಡದು, ಮುಟ್ಟಿದರೆ ಕೆಲಸ ಇರುವುದಿಲ್ಲ ಎಂದು ಹೇಳಿ ಕಳಿಸಿದರು.

ಮುಟ್ಟಕೂಡದು ಅಂದರು, ನೋಡಕೂಡದು ಅನ್ನಲಿಲ್ಲ. ಮರುದಿನದಿಂದ ಫಿಲ್ಮಕ್ಕ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಪರದೆ ಬಿಟ್ಟು ಕದಲಲಿಲ್ಲ. ಎಂಟೂ ಮೂವತ್ತಕ್ಕೆ ಒಂಬತ್ತು ಮಿಲಿಸೆಕೆಂಡು ಇದ್ದದ್ದು ಎಂಟೂ ನಲವತ್ತಕ್ಕೆ ಒಂಬೈನೂರು, ಆಮೇಲೆ ನಾಲ್ಕು ಸಾವಿರ, ಆಮೇಲೆ ಇಪ್ಪತ್ತು ಸಾವಿರ. ಸರತಿ ಬೆಳೆಯುತ್ತಿತ್ತು, ಮುಗಿದ ಕೆಲಸ ಮಾತ್ರ ಎಪ್ಪತ್ತರಿಂದ ಹತ್ತಕ್ಕೆ ಇಳಿಯುತ್ತಿತ್ತು. ಟೈ ಸಾಹೇಬರು ಯಾವತ್ತೂ ನೋಡದ ಇನ್ನೊಂದು ಸಂಗತಿ ಅಲ್ಲಿ ಕಣ್ಣಿಗೆ ರಾಚುತ್ತಿತ್ತು. ಏರುತ್ತಿದ್ದದ್ದು ಒಂದು ಸಾಲಲ್ಲ, ಇಪ್ಪತ್ನಾಲ್ಕೂ.

“ಮನೇಲಿ ಒಬ್ಬನಿಗೆ ಜ್ವರ ಬಂದ್ರೆ ಕಾಯಿಲೆ ಅವನದು. ಇಪ್ಪತ್ನಾಲ್ಕು ಜನಕ್ಕೂ ಒಂದೇ ನಿಮಿಷಕ್ಕೆ ಬಂದ್ರೆ ನೀರಿನ ತೊಟ್ಟಿ ನೋಡ್ಬೇಕು. ಅವರು ಒಬ್ಬೊಬ್ಬರನ್ನೇ ಹೊತ್ಕೊಂಡು ಹೋಗಿ ಹೂಳ್ತಾ ಇದ್ರು.”

ಹಾಗಾದರೆ ಆಗುತ್ತಿದ್ದದ್ದೇನು? ಇದನ್ನು ಅವರು ಕಂಪ್ಯೂಟರಿನ ಭಾಷೆಯಲ್ಲಿ ಹೇಳುವುದಿಲ್ಲ, ಕಿಟಕಿಯ ಭಾಷೆಯಲ್ಲಿ ಹೇಳುತ್ತಾರೆ.

“ಬೆಳಗ್ಗೆ ಹೊತ್ತು ಅರವತ್ತು ಚೀಟಿ ಒಟ್ಟಿಗೆ ಕೈಗೆ ತಗೊಂಡ್ರೆ ಏನಾಗ್ತಿತ್ತು ಗೊತ್ತಾ? ಹತ್ತಿರದ ಕಪಾಟಿನದು ಮೊದಲು ತೆಗೀತಿದ್ದೆ, ಯಾರೇ ಆದ್ರೂ ಹಾಗೇ ಮಾಡೋದು. ಅಷ್ಟರಲ್ಲಿ ಇನ್ನೂ ಹತ್ತು ಚೀಟಿ, ಅದರಲ್ಲೂ ಹತ್ತಿರದ್ದೇ ಮೊದಲು. ಮೂಲೆ ಕಪಾಟಿನ ಚೀಟಿ ಅಡಿಗೇ ಉಳೀತಿತ್ತು. ಅದನ್ನ ಕೊಟ್ಟೋನು ಅರ್ಧ ಗಂಟೆ ಕಾದು, ಚೀಟಿ ಕಳೆದೇ ಹೋಯ್ತು ಅಂದ್ಕೊಂಡು ಇನ್ನೊಂದು ಬರ್ಕೊಂಡು ಬರ್ತಿದ್ದ. ಒಂದು ಫಿಲ್ಮಿಗೆ ಎರಡು ಚೀಟಿ ಆಯ್ತಲ್ಲ? ಕೊನೆಗೆ ಮೇಲಿನೋರ ಹತ್ತಿರ ಹೋಗಿ, ಕಿಟಕೀಲಿ ಇರೋಳು ಸತ್ತಿರಬೇಕು, ಉತ್ತರಾನೇ ಇಲ್ಲ ಅಂತಿದ್ದ. ನಾನು ಸತ್ತಿರಲಿಲ್ಲಪ್ಪ. ಕೈ ತುಂಬಿತ್ತು ಅಷ್ಟೆ.”

ಆಗ ಅವರು ಕಂಡುಕೊಂಡಿದ್ದ ಉಪಾಯವೂ ಸರಳ. ಒಂದು ಸಲಕ್ಕೆ ಇಪ್ಪತ್ತೇ ಚೀಟಿ ಒಳಗೆ, ಮಿಕ್ಕವರು ಕಿಟಕಿಯಾಚೆ ಸಾಲಾಗಿ ನಿಲ್ಲಬೇಕು. ಬೈದರು, ಆದರೆ ಎಲ್ಲರಿಗೂ ಲಕೋಟೆ ಸಿಕ್ಕಿತು.

ಡಿಸ್ಕಿಗೂ ಒಂದು ಸಲಕ್ಕೆ ಎಷ್ಟು ಆಜ್ಞೆ ಕೈಗೆ ಕೊಡಬಹುದು ಎಂಬ ಅಂಕಿಯೊಂದು ಇರುತ್ತದೆ. ಫಿಲ್ಮಕ್ಕ ಅದನ್ನು ತೆಗೆದು ನೋಡಿದರು. ಡಿಸ್ಕಿಗೆ ಅರವತ್ನಾಲ್ಕು. ಇಪ್ಪತ್ನಾಲ್ಕು ಡಿಸ್ಕಿಗೆ ಸಾವಿರದ ಐನೂರ ಮೂವತ್ತಾರು. ಡಿಸ್ಕುಗಳಿಗೂ ಯಂತ್ರಕ್ಕೂ ನಡುವೆ ಕೂತು ಆಜ್ಞೆ ಹಂಚುವ ಕಾರ್ಡಿನ ಕೈಪಿಡಿ ಹುಡುಕಿದರೆ, ಅದು ತಡೆದುಕೊಳ್ಳುವುದು ಆರುನೂರು ಮಾತ್ರ. ದಿನವಿಡೀ ಅಷ್ಟು ಜನ ಚಿತ್ರ ಕೇಳುವುದಿಲ್ಲವಾದ್ದರಿಂದ ಬಚಾವು. ಎಂಟೂ ನಲವತ್ತಕ್ಕೆ ಎಲ್ಲರೂ ಒಟ್ಟಿಗೆ ನುಗ್ಗಿದಾಗ ಕಾರ್ಡು ಉಸಿರುಗಟ್ಟುತ್ತಿತ್ತು. ಡಿಸ್ಕುಗಳು ಹತ್ತಿರದ ಕೆಲಸ ಮಾಡುತ್ತ ದೂರದ್ದನ್ನು ಹಿಂದೆ ತಳ್ಳುತ್ತಿದ್ದವು. ಹಿಂದೆ ಬಿದ್ದ ಯಾವುದೋ ಒಂದು ಆಜ್ಞೆಗೆ ಮೂವತ್ತು ಸೆಕೆಂಡು ತುಂಬಿದರೆ ಆ ಡಿಸ್ಕಿಗೆ ಸತ್ತ ಹಣೆಪಟ್ಟಿ. ಇವತ್ತು ಹದಿನೇಳು, ನಾಳೆ ನಾಲ್ಕು. ಕುಣಿಯಲಾರದವರು ನೆಲ ಡೊಂಕು ಅಂದ ಹಾಗೆ, ತಪ್ಪು ಮಾತ್ರ ಡಿಸ್ಕಿನ ತಲೆಗೆ.

ಈ ಅರವತ್ನಾಲ್ಕು ಎಂಬ ಅಂಕಿ ಹಾಕಿದ್ದು ಯಾರು? ಇಲ್ಲಿಗೆ ಬಂದಾಗ ಫಿಲ್ಮಕ್ಕ ಖಾನೆಯಿಂದ ಆರನೇ ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿಡುತ್ತಾರೆ. ಮೂರು ವರ್ಷದ ಹಿಂದಿನ ಪುಟ, ಅದೇ ದುಂಡು ಅಕ್ಷರ: ‘ಇಪ್ಪತ್ತು ತೆಗೆದು ಅರವತ್ನಾಲ್ಕು ಮಾಡಿದೆ. ವೇಗ ಚೆನ್ನಾಗಿದೆ.’ ಕಂಪನಿಯ ಕೈಪಿಡಿಯಲ್ಲಿ ಅಂಕಿ ಹೆಚ್ಚಿದಷ್ಟೂ ವೇಗ ಹೆಚ್ಚು ಎಂದಿತ್ತು. ಎಂಟು ಡಿಸ್ಕಿದ್ದಾಗ ಅದು ಐನೂರ ಹನ್ನೆರಡು, ಆರುನೂರರ ಒಳಗೇ, ನಿಜಕ್ಕೂ ಚೆನ್ನಾಗಿತ್ತು. ಯಂತ್ರ ಶುರುವಾದಾಗಲೆಲ್ಲ ‘ಇರುವ ಎಲ್ಲ ಡಿಸ್ಕಿಗೂ ಅರವತ್ನಾಲ್ಕು’ ಎನ್ನುವ ಸಾಲನ್ನು ಅವರೇ ಬರೆದಿಟ್ಟಿದ್ದರು. ಹದಿನಾರು ಹೊಸ ಡಿಸ್ಕು ಬಂದಾಗ ಆ ಸಾಲು ಬಾಯಿ ಮುಚ್ಚಿಕೊಂಡು ಅವಕ್ಕೂ ಅದನ್ನೇ ಕೊಟ್ಟಿತು. ಡಿಸ್ಕು ಸೇರಿಸಿದ ಕಂಪನಿಯವರು ಗುಣಿಸಿ ನೋಡಲಿಲ್ಲ. ಇವರೂ ನೋಡಲಿಲ್ಲ.

ಬೇರೆಯವರಾಗಿದ್ದರೆ ಆ ಪುಟ ಹರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮೇಷ್ಟ್ರು ಕೂಡ, ಅಕ್ಕ, ಸುಮ್ನೆ ಅಂಕಿ ಇಳಿಸಿ ಮನೆಗೆ ಹೋಗಿಬಿಡಿ, ಯಾರಿಗೂ ಗೊತ್ತಾಗಲ್ಲ ಅಂದರಂತೆ. ಫಿಲ್ಮಕ್ಕ ಒಂದು ಹಾಳೆಯಲ್ಲಿ ಎಲ್ಲ ಬರೆದರು. ತಪ್ಪು ನನ್ನದು, ಡಿಸ್ಕಿನದಲ್ಲ, ಅಂಕಿಯನ್ನು ಇಪ್ಪತ್ನಾಲ್ಕಕ್ಕೆ ಇಳಿಸಲು ಅಪ್ಪಣೆ ಕೊಡಿ. ಮುಖ್ಯಸ್ಥರ ಮೇಜಿನ ಮೇಲೆ ಆ ಹಾಳೆ ಆರು ದಿನ ಲೋಟದ ಅಡಿಗೆ ಕೂತಿತು.

ಏಳನೇ ದಿನ ಬೆಳಗ್ಗೆ ಎಲ್ಲವೂ ಒಟ್ಟಿಗೆ ಬಂತು. ಹಿಂದಿನ ಸಂಜೆ ಟೈ ಸಾಹೇಬರು ಇನ್ನೊಂದು ಡಿಸ್ಕು ಎಳೆದು ಹೊಸದು ಹಾಕಿ ಹೋಗಿದ್ದರು. ಬೆಳಗ್ಗೆ ಎಂಟೂ ನಲವತ್ತೆರಡಕ್ಕೆ ಮತ್ತೊಂದು ಡಿಸ್ಕು ತಾನಾಗೇ ಬಳಗದಿಂದ ಹೊರಬಿತ್ತು. ಆ ಕಪಾಟಿನ ಲೆಕ್ಕ ಇದು: ಇಪ್ಪತ್ನಾಲ್ಕರಲ್ಲಿ ಎರಡು ಇಲ್ಲದಿದ್ದರೂ ಮಿಕ್ಕವು ಸೇರಿ ಎಲ್ಲ ಚಿತ್ರ ಉಳಿಸಿಕೊಳ್ಳುತ್ತವೆ. ಮೂರನೆಯದು ಹೋದರೆ ಹನ್ನೊಂದು ವರ್ಷದ ಚಿತ್ರಗಳೂ ಹೋದವು. ಎರಡನೇ ಪ್ರತಿ ಇದೆಯಲ್ಲ ಅನ್ನಬಹುದು. ಅದರಲ್ಲಿರುವುದು ಈಚಿನ ಎರಡು ವರ್ಷದ್ದು ಮಾತ್ರ.

ಟೈ ಸಾಹೇಬರು ಮುಖ್ಯಸ್ಥರನ್ನೂ ಕರೆದುಕೊಂಡು ಓಡಿ ಬಂದರು. ಹತ್ತೊಂಬತ್ತನೆಯದು ಎಲ್ಲಕ್ಕಿಂತ ನಿಧಾನ, ಅದೇ ಎಲ್ಲರನ್ನೂ ಎಳೆಯುತ್ತಿದೆ, ಅದನ್ನೂ ಈಗಲೇ ತೆಗೆದುಬಿಡೋಣ ಎಂದು ಕಪಾಟಿಗೆ ಕೈ ಹಾಕಿದರು. ನಿನ್ನೆ ಹಾಕಿದ್ದು ತಯಾರಿದೆಯಲ್ಲ, ಹಸಿರು ದೀಪ ಉರಿಯುತ್ತಿದೆ ಎಂಬುದು ಅವರ ಧೈರ್ಯ. ಫಿಲ್ಮಕ್ಕ ಕುರ್ಚಿಯಿಂದ ಎದ್ದರು, ಕಪಾಟಿಗೆ ಬೆನ್ನು ಕೊಟ್ಟು ನಿಂತರು.

“ಹಸಿರು ದೀಪ ಅಂದ್ರೆ ಕರೆಂಟು ಬಂದಿದೆ ಅಂತ ಅಷ್ಟೆ ಸಾರ್. ಅದಕ್ಕೆ ಚಿತ್ರ ತುಂಬೋದು ನೂರಕ್ಕೆ ನಲವತ್ತೊಂದರಲ್ಲಿ ನಿಂತಿದೆ. ಪರದೆ ನೋಡಿ. ಹತ್ತೊಂಬತ್ತು ಎಳೆದ್ರೆ ಅದು ಮೂರನೇದು.”

ಟೈ ಸಾಹೇಬರು ಪರದೆ ನೋಡಿದರು. ಬಣ್ಣ ಇಳಿಯಿತು, ಆದರೆ ಕೈ ಇಳಿಯಲಿಲ್ಲ. ಮುಖ್ಯಸ್ಥರು ಪಕ್ಕಕ್ಕೆ ಸರಿಯಿರಿ ಎಂದರು, ಇದು ನಿಮ್ಮ ಕೆಲಸವಲ್ಲ ಎಂದರು, ಕೆಲಸ ಹೋಗುತ್ತದೆ ಎಂದೂ ಇನ್ನೊಮ್ಮೆ ನೆನಪಿಸಿದರು.

“ಹೋಗ್ಲಿ ಸಾರ್. ನನ್ನ ಕೆಲಸ ಒಂದು ಹೋಗುತ್ತೆ. ಇದನ್ನ ಎಳೆದ್ರೆ ಊರಿನೋರ ಎದೆ, ತಲೆ, ಹೊಟ್ಟೆ ಎಲ್ಲ ಹೋಗುತ್ತೆ. ಯಾವುದು ಹೆಚ್ಚು ಅಂತ ನೀವೇ ಹೇಳಿ, ನಾನು ಸರೀತೀನಿ.”

ಟೈ ಸಾಹೇಬರು ಕಪಾಟಿನಿಂದ ಕೈ ತೆಗೆದರು. ಫಿಲ್ಮಕ್ಕ ಪರದೆಯ ಕಡೆ ಎರಡು ಹೆಜ್ಜೆ ಇಟ್ಟು, ಮುಟ್ಟಕೂಡದು ಎಂದಿದ್ದನ್ನು ಮುಟ್ಟಿದರು. ಒಂದೇ ಸಾಲು. ಪ್ರತಿ ಡಿಸ್ಕಿಗೂ ಇಪ್ಪತ್ನಾಲ್ಕು, ಎಲ್ಲ ಡಿಸ್ಕು ಸೇರಿದರೂ ಒಟ್ಟು ಐನೂರ ಎಪ್ಪತ್ತಾರು. ಮೊದಲು ಏನೂ ಆಗಲಿಲ್ಲ. ಕೈಯಲ್ಲಿದ್ದ ಹಳೇ ಚೀಟಿಗಳು ಕರಗಬೇಕಲ್ಲ. ಮೂರನೇ ನಿಮಿಷಕ್ಕೆ ಇಪ್ಪತ್ತು ಸಾವಿರ ಇದ್ದದ್ದು ಎರಡು ಸಾವಿರವಾಯಿತು, ಆರನೇ ನಿಮಿಷಕ್ಕೆ ಮುನ್ನೂರು, ಹತ್ತಕ್ಕೆ ನಲವತ್ತು. ಎಲ್ಲಕ್ಕಿಂತ ನಿಧಾನ ಎನಿಸಿಕೊಂಡಿದ್ದ ಹತ್ತೊಂಬತ್ತನೆಯದು ಮಿಕ್ಕವರ ಜತೆ ಹೆಜ್ಜೆ ಹಾಕತೊಡಗಿತು. ನಲವತ್ತೊಂದರಲ್ಲಿ ನಿಂತದ್ದು ನಲವತ್ತೆರಡಾಯಿತು. ಮೇಲಿಂದ ಮೇಷ್ಟ್ರು ಫೋನು ಮಾಡಿ, ಚಿತ್ರ ಬರ್ತಿದೆ, ಏನು ಮಾಡಿದ್ರಿ ಎಂದು ಕೇಳಿದರು. ಇವರು ಚೀಟಿ ಹಿಂದಕ್ಕೆ ಕೊಟ್ಟೆ ಎಂದು ಹೇಳಿ ಫೋನಿಟ್ಟರು.

ಅದಾದ ಮೇಲೆ ಹೂವಿನ ಹಾರ ಬಿತ್ತು ಅಂದುಕೊಂಡರೆ ಈ ಲೋಕ ಗೊತ್ತಿಲ್ಲ ಎಂದೇ ಅರ್ಥ. ಬಂದದ್ದು ಎಚ್ಚರಿಕೆ ಪತ್ರ: ಅಪ್ಪಣೆ ಇಲ್ಲದೆ ಯಂತ್ರ ಮುಟ್ಟಿದ್ದಕ್ಕೆ. ಕೆಲಸದಿಂದ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ, ಶಸ್ತ್ರಚಿಕಿತ್ಸೆಯ ಡಾಕ್ಟರು ಆಗಲೇ ಕೆಳಗಿಳಿದು ಬಂದು ಎಲ್ಲ ಕೇಳಿಕೊಂಡು ಹೋಗಿದ್ದರು. ಫಿಲ್ಮಕ್ಕ ಪತ್ರ ತೆಗೆದುಕೊಂಡು ಬದಲಿಗೆ ತಮ್ಮದೊಂದು ಕೊಟ್ಟರು. ಮೊದಲ ಐದು ಮರಣಪತ್ರಗಳ ಮೇಲಿನ ನನ್ನ ಸಹಿ ನೋಡದೆ ಹಾಕಿದ್ದು, ಅದು ಸುಳ್ಳು, ಹೊಡೆದು ಹಾಕಿ. ಕಂಪನಿಗೆ ಅದು ನುಂಗಲಾರದ ತುತ್ತಾಯಿತು. ಮುಖ್ಯಸ್ಥರು ಈ ಸಲ ನಗದೆ, ಮೆತ್ತಗೆ ಒಂದು ದಾರಿ ತೋರಿಸಿದರು: ನೀವು ಆ ಪತ್ರ ಹಿಂದಕ್ಕೆ ತಗೊಳ್ಳಿ, ನಾವು ಎಚ್ಚರಿಕೆ ಪತ್ರ ಹರಿದು ಹಾಕ್ತೀವಿ. ಫಿಲ್ಮಕ್ಕ ಒಪ್ಪಲಿಲ್ಲ. ಎರಡೂ ಪತ್ರ ಇವತ್ತಿಗೂ ಅವರ ಕಡತದಲ್ಲಿವೆ, ಒಂದರ ಬೆನ್ನಿಗೊಂದು. ಅದರಿಂದಾಗಿ ಈ ವರ್ಷವೂ ಅವರು ಎರಡನೇ ದರ್ಜೆ ಸಹಾಯಕಿಯೇ.

ಅತ್ತೆಗೆ ಇದನ್ನೆಲ್ಲ ಫಿಲ್ಮಕ್ಕನ ಗಂಡ ಕಿವಿಗೆ ಬಾಯಿಟ್ಟು ಹೇಳಿದರಂತೆ. ಅವರು, ಟೀವಿ ಒರೆಸೋಳಿಗೆ ಇಷ್ಟು ಸೊಕ್ಕಿದ್ರೆ ನೆಟ್ಟಗೆ ಕಲಿಸಿದ್ರೆ ಏನಾಗ್ತಿದ್ಳೋ ಅಂದರಂತೆ. ಫಿಲ್ಮಕ್ಕನಿಗೆ ಸಿಕ್ಕ ಏಕೈಕ ಪ್ರಶಸ್ತಿ ಅದು.

ಏನು ಬೇಕು ನಿಮಗೆ ಎಂದು ಕೇಳಿದರೆ ಅವರು ದರ್ಜೆಯ ಮಾತೆತ್ತುವುದಿಲ್ಲ. ಆ ನಮೂನೆಯಲ್ಲಿ ತೆಗೆದವರು, ಕೋಣೆಯವರು ಎಂಬ ಎರಡು ಗೆರೆಗಳ ಜತೆಗೆ ಇನ್ನೊಂದು ಗೆರೆ ಬೇಕಂತೆ: ಓದಿ ನೋಡಿದವರು. ಅಚ್ಚು ಹಾಕಿಸಿ ಎಂದು ಎರಡು ಸಲ ಅರ್ಜಿ ಕೊಟ್ಟಿದ್ದಾರೆ. ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಸ್ಕೇಲು ಹಿಡಿದು ಪೆನ್ನಿನಲ್ಲಿ ತಾವೇ ಗೆರೆ ಎಳೆಯುತ್ತಾರೆ.

ಹೋದ ವಾರ ಹನ್ನೊಂದನೇ ಡಿಸ್ಕು ಹೊರಬಿತ್ತು. ಮಿಕ್ಕ ಇಪ್ಪತ್ತಮೂರೂ ತಣ್ಣಗಿದ್ದವು. ಕಂಪನಿಯಿಂದ ಬಂದ ಹೊಸ ಎಂಜಿನಿಯರ್ ಕಾಗದ ಚಾಚಿದರು. ಫಿಲ್ಮಕ್ಕ ಅವರನ್ನು ನಾಳೆ ಬನ್ನಿ ಎಂದು ಕಳಿಸಿ, ಡಿಸ್ಕನ್ನು ಹಳೇ ಕಂಪ್ಯೂಟರಿಗೆ ಸಿಕ್ಕಿಸಿದರು. ಓದುವಾಗ ಅದು ನಾನೂರು ಕಡೆ ತೊದಲಿತು, ಆಮೇಲೆ ತಿರುಗುವುದನ್ನೇ ನಿಲ್ಲಿಸಿತು. ಮರುದಿನ ಮೂರನೇ ಗೆರೆಯ ಮೇಲೆ ಅವರ ಸಹಿ ಬಿತ್ತು.

“ಸತ್ತಿದ್ದಕ್ಕೆ ಸಹಿ ಹಾಕೋಕೆ ನನಗೇನು ಸಂಕಟ ಇಲ್ಲ” ಎನ್ನುತ್ತಾರೆ, ಪೆನ್ನಿನ ಮುಚ್ಚಳ ಒತ್ತುತ್ತ. “ಬದುಕಿರೋದಕ್ಕೆ ಹಾಕು ಅಂದ್ರೆ, ಇನ್ನೂ ಹತ್ತು ಎಚ್ಚರಿಕೆ ಪತ್ರ ಬರೀಲಿ ಬಿಡಿ. ಕಾಗದ ಅವರದು, ಸಹಿ ನನ್ನದು.”